ಗ್ಯಾಸ್ ಹಾಕಿಸುವ ಮೊದಲು

ಏಪ್ರಿಲ್ ಬಂತೆಂದರೆ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಎಸಿ ಮೆಕ್ಯಾನಿಕ್‌ಗಳಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಸಾಲುಗಟ್ಟಿದ ಕಾರುಗಳ ನಡುವೆ ಒಂದೆರಡು ಹಳೆಯ ಬೊಲೆರೊ ಕ್ಯಾಂಪರ್, ಒಂದು ಟಾಟಾ ಝೆನಾನ್, ಅಪರೂಪಕ್ಕೊಂದು ಸ್ಕಾರ್ಪಿಯೊ ಗೆಟ್‌ಅವೇ ಬಾನೆಟ್ ತೆರೆದು ನಿಂತಿರುತ್ತವೆ. ಮುಂದೆ ನಾಲ್ಕೈದು ಜನ ಕೂರುವ ಕ್ಯಾಬಿನ್, ಹಿಂದೆ ಸಾಮಾನು ಹೇರಲು ತೆರೆದ ಜಾಗ ಇರುವ ಈ ಡಬಲ್ ಕ್ಯಾಬ್ ಪಿಕಪ್‌ಗಳು ಗುತ್ತಿಗೆದಾರರು, ತೋಟದವರು, ಬೋರ್‌ವೆಲ್ ಮೋಟರ್ ರಿಪೇರಿಯವರು ಇಟ್ಟುಕೊಳ್ಳುವ ಗಾಡಿಗಳು. ಹತ್ತು ಹದಿನೈದು ವರ್ಷ ದುಡಿದ ಮೇಲೂ ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಅಷ್ಟರಲ್ಲಿ ಎಸಿ ಕೈಕೊಟ್ಟಿರುತ್ತದೆ. ‘ತಂಪೇ ಬರವಲ್ದು’ ಎಂದು ಮಾಲೀಕ ಹೇಳಿ ಮುಗಿಸುವ ಮೊದಲೇ ಉತ್ತರ ಸಿದ್ಧ: ‘ಗ್ಯಾಸ್ ಖಾಲಿ ಆಗ್ಯದರೀ, ಹಾಕ್ಸಿಬಿಡ್ರಿ.’ ಹಾಕಿಸುತ್ತಾರೆ. ಒಂದಷ್ಟು ದಿನ ತಂಪಾಗಿರುತ್ತದೆ. ಆಮೇಲೆ ಮತ್ತದೇ ಬಿಸಿಗಾಳಿ, ಮತ್ತದೇ ಅಂಗಡಿ.

ಎಸಿ ಗ್ಯಾಸ್ ಓಡಿಸಿದಷ್ಟೂ ಖರ್ಚಾಗಲು ಡೀಸೆಲ್ ಅಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಪೈಪಿನ ಮೂಲಕ, ಕಂಪ್ರೆಸರ್‌ನ ಶಾಫ್ಟ್ ಸೀಲಿನ ಮೂಲಕ ವರ್ಷಕ್ಕಿಷ್ಟು ಎಂದು ಸ್ವಲ್ಪ ಸೋರುವುದು ಸಹಜ. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾಗುವಷ್ಟು ಸೋರಿದರೆ ಎಲ್ಲೋ ತೂತಿದೆ, ಅದನ್ನು ಮುಚ್ಚದೆ ತುಂಬಿಸಿದ ಗ್ಯಾಸ್ ಗಾಳಿಗೇ ಹೋಗುತ್ತದೆ. ಇನ್ನು ಗ್ಯಾಸ್ ಸರಿಯಾಗಿಯೇ ಇದ್ದು ತಂಪು ಬಾರದ ಗಾಡಿಗಳದು ಬೇರೆ ಕಥೆ. ಹಳೆಯ ಪಿಕಪ್‌ಗಳಲ್ಲಿ ಇಂಥವು ಕಡಿಮೆಯೇನಿಲ್ಲ. ಅವುಗಳಿಗೆ ಗ್ಯಾಸ್ ಹಾಕಿದರೆ ಹೆಚ್ಚುವರಿ ಗ್ಯಾಸಿನಿಂದಾಗಿ ತಂಪು ಮತ್ತಷ್ಟು ಕುಸಿಯುತ್ತದೆ.

ಎಸಿ ಮಾಡುವ ಕೆಲಸವನ್ನು ಒಮ್ಮೆ ಸರಿಯಾಗಿ ಗ್ರಹಿಸಿಕೊಂಡರೆ ಅರ್ಧ ರೋಗ ತಾನಾಗಿ ಪತ್ತೆಯಾಗುತ್ತದೆ. ಈ ಗಾಡಿಗಳಲ್ಲಿರುವುದು ಆರ್-134ಎ ಎಂಬ ಗ್ಯಾಸ್. ಬಯಲಿನಲ್ಲಿ ಬಿಟ್ಟರೆ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇದು ಕುದಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಕಡಿಮೆ ಒತ್ತಡದಲ್ಲಿ ಇದು ಸೊನ್ನೆಗಿಂತ ತುಸು ಮೇಲಿನ ಉಷ್ಣಾಂಶದಲ್ಲಿ ಕುದಿಯುತ್ತಾ, ಕ್ಯಾಬಿನ್ ಗಾಳಿಯ ಶಾಖವನ್ನು ಹೀರಿಕೊಂಡು ಆವಿಯಾಗುತ್ತದೆ. ಆ ಆವಿಯನ್ನು ಕಂಪ್ರೆಸರ್ ಎಳೆದುಕೊಂಡು ಒತ್ತುತ್ತದೆ. ಒತ್ತಿದಾಗ ಅದು ಕೈ ಸುಡುವಷ್ಟು ಬಿಸಿಯಾಗಿ ಗ್ರಿಲ್ ಹಿಂದಿನ ಕಂಡೆನ್ಸರ್‌ಗೆ ಹೋಗುತ್ತದೆ. ಅಲ್ಲಿ ಹೊರಗಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ದ್ರವ ಡ್ರೈಯರ್ ಮೂಲಕ ಹಾದು, ಎಕ್ಸ್‌ಪಾನ್ಶನ್ ವಾಲ್ವ್‌ನ ಸಣ್ಣ ಕಂಡಿಯಲ್ಲಿ ನುಸುಳಿ ಮತ್ತೆ ಕೂಲಿಂಗ್ ಕಾಯಿಲ್ ಸೇರುತ್ತದೆ. ಹೀಗೆ ಒಳಗಿನ ಶಾಖವನ್ನು ಹೊತ್ತು ಗಾಡಿಯ ಮುಂಭಾಗದಲ್ಲಿ ಸುರಿದು ಬರುವುದೇ ಎಸಿಯ ಕೆಲಸ. ಆ ಶಾಖ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕಂಪ್ರೆಸರ್ ಹೊಸದಿದ್ದರೂ, ಗ್ಯಾಸ್ ತೂಕಕ್ಕೆ ಸರಿಯಾಗಿದ್ದರೂ ಪ್ರಯೋಜನವಿಲ್ಲ.

ಪಿಕಪ್‌ನ ಕಷ್ಟ ಶುರುವಾಗುವುದು ಇಲ್ಲಿಂದಲೇ. ಕಾರು ಹೋಗದ ದಾರಿಯಲ್ಲಿ ಅದು ಹೋಗುತ್ತದೆ: ಕಲ್ಲುಕ್ವಾರಿ, ಇಟ್ಟಿಗೆ ಭಟ್ಟಿ, ಒಕ್ಕಣೆಯ ಕಣ, ಹತ್ತಿ ಹೊಲ. ಗ್ರಿಲ್‌ನೊಳಗೆ ನುಗ್ಗುವ ಕೆಂಪು ದೂಳು, ಜೋಳದ ರವದಿ, ಹತ್ತಿಯ ಎಳೆ, ಸತ್ತ ಹುಳುಗಳೆಲ್ಲ ಕಂಡೆನ್ಸರ್ ರೆಕ್ಕೆಗಳ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ತಕ್ಕಮಟ್ಟಿಗೆ ಶುಚಿಯಾಗಿಯೇ ಕಾಣಬಹುದು. ನಿಜವಾದ ಕೊಳೆ ಇರುವುದು ಕಂಡೆನ್ಸರ್‌ಗೂ ಅದರ ಹಿಂದಿನ ರೇಡಿಯೇಟರ್‌ಗೂ ನಡುವಿನ ಬೆರಳಗಲದ ಸಂದಿಯಲ್ಲಿ. ಅಲ್ಲಿ ವರ್ಷಗಟ್ಟಲೆ ಸೇರಿದ ದೂಳು, ಹುಲ್ಲು ಕಂಬಳಿಯ ಹಾಗೆ ಕೂತಿರುತ್ತದೆ. ಬಾನೆಟ್ ಎತ್ತಿ, ಮೇಲಿನ ತಗಡಿನ ಪಟ್ಟಿ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದವರಿಗಷ್ಟೇ ಅದು ಕಾಣುತ್ತದೆ.

ಕ್ಯಾಬಿನ್ ಕಡೆಯ ಸ್ಥಿತಿಯೂ ಚೆನ್ನಾಗಿಲ್ಲ. ಛಾವಣಿಗೆ ತೆಳುವಾದ ಹೊದಿಕೆ, ಬೆನ್ನ ಹಿಂದೆ ಬಿಸಿಲಿಗೆ ಒಡ್ಡಿದ ದೊಡ್ಡ ಗಾಜು, ಹರಿದ ಬಾಗಿಲ ರಬ್ಬರ್, ಪೆಡಲ್ ಸುತ್ತ ವೈರು ಹಾಯಿಸಲು ಕೊರೆದ ಕಂಡಿಗಳು. ಲಾರಿಗಳ ವಿಷಯದಲ್ಲಿ ಸರ್ಕಾರ ಎಚ್ಚೆತ್ತಿದೆ: 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಎನ್2, ಎನ್3 ವರ್ಗದ ಲಾರಿಗಳ ಚಾಲಕನ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಆ ವರ್ಗಗಳು ಶುರುವಾಗುವುದೇ ಮೂರೂವರೆ ಟನ್ ದಾಟಿದ ಮೇಲೆ. ಸಣ್ಣ ಪಿಕಪ್‌ಗಳು ಈ ನಿಯಮದ ಹೊರಗೇ ಉಳಿದಿವೆ. ಆದ್ದರಿಂದ ಎಸಿ ಇಲ್ಲದ ಪಿಕಪ್‌ಗೆ ಹೊರಗಿನಿಂದ ಕಿಟ್ ತಂದು ಕೂರಿಸುವ ಪದ್ಧತಿ ಸದ್ಯಕ್ಕೆ ನಿಲ್ಲುವ ಲಕ್ಷಣವಿಲ್ಲ. ಹಾಗೆ ಕೂರಿಸಿದ ಎಸಿಗಳಲ್ಲಿ ಪೈಪು ಎಂಜಿನ್‌ಗೆ ತಾಗಿ ಸವೆಯುವುದು, ಕಂಡೆನ್ಸರ್ ಅಳತೆಗೆ ಚಿಕ್ಕದಾಗಿರುವುದು ಮಾಮೂಲು.

ಸ್ಪಾನರ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ತಂಪು ಯಾವಾಗ ಬರುವುದಿಲ್ಲ? ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಹಾಯಾಗಿದ್ದು, ಊರೊಳಗೆ ಸಿಗ್ನಲ್‌ನಲ್ಲಿ ನಿಂತಾಗ ಬಿಸಿಗಾಳಿ ಬಂದರೆ ಅನುಮಾನ ನೇರವಾಗಿ ಫ್ಯಾನ್ ಮೇಲೆ, ಕಂಡೆನ್ಸರ್ ಮೇಲೆ. ಗಾಡಿ ಓಡುವಾಗ ಎದುರುಗಾಳಿಯೇ ಶಾಖವನ್ನು ಒಯ್ಯುತ್ತದೆ. ನಿಂತಾಗ ಆ ಕೆಲಸವನ್ನು ಫ್ಯಾನ್ ಮಾಡಬೇಕು. ಹಳೆಯ ಡೀಸೆಲ್ ಪಿಕಪ್‌ಗಳಲ್ಲಿ ಎಂಜಿನ್ನೇ ತಿರುಗಿಸುವ ಫ್ಯಾನ್ ಇರುತ್ತದೆ, ಕೆಲವಕ್ಕೆ ಕಂಡೆನ್ಸರ್ ಮುಂದೆ ವಿದ್ಯುತ್ ಫ್ಯಾನ್ ಇರುತ್ತದೆ, ಹಲವಕ್ಕೆ ಎರಡೂ ಇರುತ್ತವೆ. ಎಂಜಿನ್ ಫ್ಯಾನಿನ ನಡುವಿನ ವಿಸ್ಕಸ್ ಕ್ಲಚ್‌ನಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ಅದು ಸೋರಿದರೆ ಫ್ಯಾನ್ ಸೋಮಾರಿಯಾಗುತ್ತದೆ. ಚೆನ್ನಾಗಿ ಬಿಸಿಯಾದ ಎಂಜಿನ್ ಆಫ್ ಮಾಡಿ, ಕೀ ಕೈಯಲ್ಲಿಟ್ಟುಕೊಂಡು ಫ್ಯಾನನ್ನು ತಿರುಗಿಸಿ ನೋಡಿ. ಬಿಗಿಯಾಗಿ ತಡೆದರೆ ಸರಿ. ಬೆರಳು ತಾಗಿಸಿದ್ದಕ್ಕೇ ನಾಲ್ಕು ಸುತ್ತು ಹೊಡೆದರೆ ಕ್ಲಚ್ ಹೋಗಿದೆ.

ವಿದ್ಯುತ್ ಫ್ಯಾನಿನಲ್ಲಿ ಒಂದು ತಮಾಷೆಯ ದೋಷ ಕಾಣುತ್ತದೆ. ಮೋಟರ್ ಬದಲಿಸುವಾಗ ಎರಡು ವೈರು ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಸದ್ದಿದೆ, ಗಾಳಿಯಿದೆ, ಎಲ್ಲ ಸರಿಯಿದೆ ಅನಿಸುತ್ತದೆ. ಆದರೆ ಅದು ಎಂಜಿನ್ನಿನ ಬಿಸಿಯನ್ನು ಕಂಡೆನ್ಸರ್‌ಗೆ ತಂದು ಊದುತ್ತಿರುತ್ತದೆ. ಗ್ರಿಲ್ ಮುಂದೆ ಒಂದು ಕಾಗದ ಹಿಡಿಯಿರಿ. ಒಳಕ್ಕೆ ಎಳೆದುಕೊಳ್ಳಬೇಕು. ಹೊರಕ್ಕೆ ಹಾರಿದರೆ ಕಾಸಿನ ಖರ್ಚಿಲ್ಲದೆ ರೋಗ ಸಿಕ್ಕಿತು. ರೇಡಿಯೇಟರ್ ಕೆಲಸ ಮಾಡಿಸಿದ ಮೇಲೆ ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚವನ್ನು ಮರಳಿ ಹಾಕದೆ ಮೂಲೆಗೆ ಎಸೆಯುವುದೂ ನಮ್ಮಲ್ಲಿ ರೂಢಿ. ಕವಚವಿಲ್ಲದ ಫ್ಯಾನ್ ಕಂಡೆನ್ಸರ್ ಮೂಲಕ ಗಾಳಿ ಎಳೆಯದೆ ತನ್ನ ಸುತ್ತಲಿನ ಬಿಸಿಗಾಳಿಯನ್ನೇ ಕಡೆಯುತ್ತದೆ.

ಇದನ್ನೆಲ್ಲ ಒಂದೇ ಏಟಿಗೆ ಖಚಿತಪಡಿಸಿಕೊಳ್ಳಲು ಬಕೆಟ್ ನೀರು ಸಾಕು. ಎಸಿ ಹಾಕಿ ಗಾಡಿ ನಿಲ್ಲಿಸಿ, ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ನಿಧಾನವಾಗಿ ನೀರು ಹಾಯಿಸಿ. ಒಂದೆರಡು ನಿಮಿಷದಲ್ಲಿ ಒಳಗೆ ತಂಪು ಏರಿದರೆ ಗ್ಯಾಸಿಗೂ ಕಂಪ್ರೆಸರ್‌ಗೂ ದೊಡ್ಡ ಕಾಯಿಲೆಯಿಲ್ಲ, ಶಾಖ ಹೊರಹೋಗುವ ದಾರಿ ಕಟ್ಟಿದೆ ಎಂದರ್ಥ. ಆಗ ಕಂಡೆನ್ಸರ್ ಮತ್ತು ರೇಡಿಯೇಟರ್‌ಗಳನ್ನು ಬೇರ್ಪಡಿಸಿ, ಎಂಜಿನ್ ಕಡೆಯಿಂದ ಹೊರಮುಖವಾಗಿ ಸಾಧಾರಣ ಒತ್ತಡದ ನೀರಿನಿಂದ ತೊಳೆಸಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಇನ್ನೊಂದು ದೋಷವನ್ನು ಅನುಭವಿ ಮೆಕ್ಯಾನಿಕ್‌ಗಳೂ ಮರೆಯುವುದುಂಟು: ಹೀಟರ್. ನಮ್ಮ ಬಯಲುಸೀಮೆಯಲ್ಲಿ ಹೀಟರ್ ಹಾಕುವವರೇ ಇಲ್ಲವಾದ್ದರಿಂದ ಅದು ಗಾಡಿಯಲ್ಲಿದೆ ಎನ್ನುವುದೇ ನೆನಪಿರುವುದಿಲ್ಲ. ಕೂಲಿಂಗ್ ಕಾಯಿಲ್ ಇರುವ ಪೆಟ್ಟಿಗೆಯಲ್ಲೇ ಹೀಟರ್ ಕಾಯಿಲ್ ಕೂಡ ಇರುತ್ತದೆ. ಎಂಜಿನ್ನಿನ ಸುಮಾರು 85-90 ಡಿಗ್ರಿಯ ಬಿಸಿನೀರು ಅದರೊಳಗೆ ಹರಿಯುತ್ತದೆ. ಎಷ್ಟು ಗಾಳಿ ಅದರ ಮೇಲೆ ಹಾಯಬೇಕೆಂದು ತೀರ್ಮಾನಿಸುವ ಒಂದು ಮುಚ್ಚಳ, ಕೆಲವು ಗಾಡಿಗಳಲ್ಲಿ ನೀರನ್ನೇ ತಡೆಯುವ ಒಂದು ವಾಲ್ವ್ ಇರುತ್ತದೆ. ಇವನ್ನು ಎಳೆಯುವುದು ಡ್ಯಾಶ್‌ಬೋರ್ಡ್ ಗುಂಡಿಯಿಂದ ಹೊರಟ ಒಂದು ಉಕ್ಕಿನ ಕೇಬಲ್. ಹದಿನೈದು ವರ್ಷದಲ್ಲಿ ಆ ಕೇಬಲ್‌ನ ಕ್ಲಿಪ್ ಕಳಚಿಕೊಂಡರೆ ಗುಂಡಿಯನ್ನು ನೀಲಿ ಕಡೆಗೆ ಎಷ್ಟು ತಿರುಗಿಸಿದರೂ ಒಳಗಿನ ಮುಚ್ಚಳ ಅರ್ಧ ತೆರೆದೇ ಇರುತ್ತದೆ. ಆಗ ಎಸಿ ತಂಪು ಮಾಡಿದ ಗಾಳಿಯನ್ನು ಹೀಟರ್ ಬಿಸಿ ಮಾಡುತ್ತಾ ಕೂರುತ್ತದೆ.

ಇದರ ಲಕ್ಷಣ ಬೆಳಗ್ಗೆ ಗೊತ್ತಾಗುತ್ತದೆ. ತಣ್ಣನೆಯ ಎಂಜಿನ್ ಶುರು ಮಾಡಿದ ಮೊದಲ ಐದಾರು ನಿಮಿಷ ಎಸಿ ಚೆನ್ನಾಗಿ ತಂಪು ಕೊಟ್ಟು, ಎಂಜಿನ್ ಬಿಸಿಯೇರಿದಂತೆ ತಂಪು ಇಳಿಯುತ್ತದೆ. ಕ್ಯಾಬಿನ್ ಗೋಡೆಯೊಳಗೆ ಹೋಗುವ ಎರಡು ಹೀಟರ್ ಪೈಪುಗಳನ್ನು ಮುಟ್ಟಿದರೆ ಎರಡೂ ಸುಡುತ್ತವೆ. ನೀರು ತಡೆಯುವ ವಾಲ್ವ್ ಇರುವ ಗಾಡಿಯಲ್ಲಿ ಇದಿಷ್ಟೇ ಸಾಕ್ಷಿ ಸಾಕು. ವಾಲ್ವ್ ಇಲ್ಲದ ಗಾಡಿಯಲ್ಲಿ ಪೈಪು ಸುಡುವುದು ಸಹಜ, ಹಾಗಾಗಿ ಮುಚ್ಚಳವನ್ನು ನೋಡಬೇಕು. ನಮ್ಮ ಗ್ಯಾರೇಜುಗಳ ಮದ್ದು ಸರಳ: ಎರಡು ಪೈಪುಗಳನ್ನು ಹೀಟರ್‌ನಿಂದ ಕಳಚಿ, ಒಂದಕ್ಕೊಂದು ಜೋಡಿಸಿ ಬೈಪಾಸ್ ಮಾಡಿಬಿಡುವುದು. ರಾಯಚೂರಿನ ಗಾಡಿಗೆ ಇದು ಒಪ್ಪುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ತೋಟದ ಗಾಡಿಗೆ ಒಪ್ಪುವುದಿಲ್ಲ. ಅಲ್ಲಿ ಜುಲೈ ತಿಂಗಳ ಮಳೆಯಲ್ಲಿ ಮುಂಗಾಜಿನ ಮಂಜು ಓಡಿಸಲು ಬಿಸಿಗಾಳಿ ಬೇಕೇ ಬೇಕು.

ಎಸಿ ಬಟನ್ ಒತ್ತಿದಾಗ ಎಂಜಿನ್ ಕಡೆಯಿಂದ ‘ಟಕ್’ ಎಂಬ ಸದ್ದು ಬರಬೇಕು. ಅದು ಕಂಪ್ರೆಸರ್‌ನ ಮ್ಯಾಗ್ನೆಟ್ ಕ್ಲಚ್ ಕಚ್ಚಿಕೊಳ್ಳುವ ಸದ್ದು. ಈ ಕ್ಲಚ್ ಎಂಥ ಅನುಕೂಲ ಎಂಬುದು ಅದಿಲ್ಲದ ಕಾಲವನ್ನು ನೋಡಿದರೆ ತಿಳಿಯುತ್ತದೆ. ಕಾರಿಗೆ ಕಾರ್ಖಾನೆಯಲ್ಲೇ ಎಸಿ ಕೂರಿಸಿ ಮೊದಲು ಮಾರಿದ್ದು ಅಮೆರಿಕದ ಪ್ಯಾಕಾರ್ಡ್ ಕಂಪನಿ, 1940ರ ಮಾಡೆಲ್‌ಗಳಲ್ಲಿ. ಅದರ ಕೂಲಿಂಗ್ ಕಾಯಿಲ್ ಡಿಕ್ಕಿಯಲ್ಲಿತ್ತು, ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ಚಳಿಗಾಲದಲ್ಲಿ ಎಸಿ ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆಗೆದು, ಬೆಲ್ಟನ್ನೇ ಬಿಚ್ಚಿಡಬೇಕಿತ್ತು.

ಟಕ್ ಸದ್ದು ಬಾರದಿದ್ದರೆ ಹುಡುಕಾಟ ವಿದ್ಯುತ್ತಿನ ಕಡೆಗೆ. ಮೊದಲು ಫ್ಯೂಸ್, ನಂತರ ರಿಲೇ. ಪಕ್ಕದಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದನ್ನೇ ತೆಗೆದು ಹಾಕಿ ನೋಡಬಹುದು. ಆಮೇಲೆ ಕ್ಲಚ್ ಕಾಯಿಲ್. ಮೀಟರ್‌ನಲ್ಲಿ ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸಬೇಕು. ಹಳೆಯ ಗಾಡಿಗಳಲ್ಲಿ ಹೆಚ್ಚು ಕಾಡುವುದು ಸವೆತ. ಕ್ಲಚ್ ತಟ್ಟೆಗೂ ಪುಲ್ಲಿಗೂ ನಡುವೆ ಅರ್ಧ ಮಿಲಿಮೀಟರ್ ಆಸುಪಾಸಿನ ಅಂತರ ಇರಬೇಕು. ಸವೆದು ಸವೆದು ಅದು ಒಂದು ಮಿಲಿಮೀಟರ್ ದಾಟಿದರೆ, ಬೆಳಗ್ಗೆ ತಣ್ಣಗಿರುವಾಗ ಕಚ್ಚುವ ಕ್ಲಚ್ ಮಧ್ಯಾಹ್ನ ಕಾಯಿಲ್ ಬಿಸಿಯಾಗಿ ಸೆಳೆತ ಕುಗ್ಗಿದಾಗ ಬಿಟ್ಟುಕೊಡುತ್ತದೆ. ಅರ್ಧ ಗಂಟೆ ನೆರಳಲ್ಲಿ ನಿಂತರೆ ಮತ್ತೆ ಕಚ್ಚುತ್ತದೆ. ತಟ್ಟೆ ಬಿಚ್ಚಿ ಒಳಗಿನ ತೆಳು ವಾಷರ್ ಒಂದನ್ನು ತೆಗೆದು ಅಂತರ ಕಡಿಮೆ ಮಾಡಿದರೆ ಬಹಳಷ್ಟು ಸಲ ಇದು ಸರಿಹೋಗುತ್ತದೆ. ಇಂಥ ಗಾಡಿಗೆ ಹೊಸ ಕಂಪ್ರೆಸರ್ ಹೇಳುವವರೂ ಇದ್ದಾರೆ.

ಕ್ಲಚ್‌ಗೆ ಕರೆಂಟ್ ಹೋಗುವ ದಾರಿಯಲ್ಲಿ ಒಂದು ಪ್ರೆಷರ್ ಸ್ವಿಚ್ ಇರುತ್ತದೆ. ಗ್ಯಾಸ್ ಒತ್ತಡ ಸುಮಾರು 30 ಪಿಎಸ್‌ಐಗಿಂತ ಕೆಳಗೆ ಬಿದ್ದರೆ ಅಥವಾ 450ರ ಹತ್ತಿರ ಏರಿದರೆ ಅದು ಕಂಪ್ರೆಸರ್ ನಿಲ್ಲಿಸುತ್ತದೆ. ಆ ಸ್ವಿಚ್ಚನ್ನು ತಪ್ಪಿಸಿ ವೈರು ಜೋಡಿಸುವುದಕ್ಕೆ ಗ್ಯಾರೇಜಿನಲ್ಲಿ ‘ಡೈರೆಕ್ಟ್ ಮಾಡೋದು’ ಅನ್ನುತ್ತಾರೆ. ಒಂದು ಕ್ಷಣ ಪರೀಕ್ಷೆಗೆ ಸರಿ. ಹಾಗೇ ಬಿಟ್ಟರೆ ಕಂಪ್ರೆಸರ್‌ನ ಸಾವಿಗೆ ದಿನ ಎಣಿಸಬೇಕಷ್ಟೇ. ಏಕೆಂದರೆ ಕಂಪ್ರೆಸರ್‌ನ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ. ಗ್ಯಾಸ್ ಇಲ್ಲದೆ ತಿರುಗಿದರೆ ಎಣ್ಣೆ ಮರಳುವುದಿಲ್ಲ, ಒಳಗಿನ ಪಿಸ್ಟನ್‌ಗಳು ಒಣಗಿ ಉಜ್ಜಿಕೊಳ್ಳುತ್ತವೆ.

ಬ್ಲೋವರ್ ನಾಲ್ಕನೇ ಸ್ಪೀಡಿನಲ್ಲಿ ಮಾತ್ರ ತಿರುಗಿ ಒಂದು, ಎರಡು, ಮೂರರಲ್ಲಿ ಸುಮ್ಮನಿದ್ದರೆ ರೆಸಿಸ್ಟರ್ ಸುಟ್ಟಿದೆ. ಅಗ್ಗದ ಭಾಗ, ಸುಲಭದ ಕೆಲಸ, ಮಾತು ಬೆಳೆಸುವ ಅಗತ್ಯವಿಲ್ಲ.

ಇಷ್ಟಾದ ಮೇಲೆ ಗೇಜ್ ಹಚ್ಚುವ ಸರದಿ. ನೀಲಿ ಪೈಪು ಲೋ ಸೈಡಿಗೆ, ಕೆಂಪು ಹೈ ಸೈಡಿಗೆ. ಗಾಡಿ ನಿಂತಿದ್ದಾಗ ಗೇಜ್ ನೋಡಿ ‘ಗ್ಯಾಸ್ ಫುಲ್ ಇದೆ’ ಎನ್ನುವವರನ್ನು ನಂಬಬೇಡಿ. ಎಂಜಿನ್ ತಣ್ಣಗಿದ್ದು ಸುತ್ತಲಿನ ಗಾಳಿ 30 ಡಿಗ್ರಿ ಇದ್ದರೆ ಎರಡೂ ಗೇಜ್ ಸುಮಾರು 97 ಪಿಎಸ್‌ಐ ತೋರಿಸುತ್ತವೆ. ಪೈಪಿನೊಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಸಾಕು, ಒತ್ತಡ ಅಷ್ಟೇ. 600 ಗ್ರಾಂ ಇದ್ದರೂ 97, 300 ಗ್ರಾಂ ಇದ್ದರೂ 97. ಒಳಗೆ ದ್ರವ ಇರುವವರೆಗೆ ಒತ್ತಡವನ್ನು ನಿರ್ಧರಿಸುವುದು ಉಷ್ಣಾಂಶವೇ ಹೊರತು ಪ್ರಮಾಣವಲ್ಲ. ನಿಂತ ಗಾಡಿಯ ಗೇಜ್ ಎರಡು ಸಂಗತಿ ಮಾತ್ರ ಹೇಳಬಲ್ಲದು: 40-50ಕ್ಕೆ ಇಳಿದಿದ್ದರೆ ದ್ರವವೇ ಉಳಿದಿಲ್ಲ, ಗ್ಯಾಸ್ ಹೆಚ್ಚುಕಡಿಮೆ ಖಾಲಿ. 97ಕ್ಕಿಂತ ಗಣನೀಯವಾಗಿ ಮೇಲಿದ್ದರೆ ಒಳಗೆ ಗಾಳಿ ಸೇರಿದೆ ಅಥವಾ ಬೇರೆ ಯಾವುದೋ ಗ್ಯಾಸ್ ಬೆರೆತಿದೆ.

ಎಂಜಿನ್ ಶುರು ಮಾಡಿ ಎಸಿ ಹಾಕಿದಾಗ ಎರಡು ಮುಳ್ಳುಗಳೂ ಬೇರೆಯಾಗುತ್ತವೆ. ಲೋ ಸೈಡ್ 28 ಪಿಎಸ್‌ಐ ಎಂದರೆ ಕೂಲಿಂಗ್ ಕಾಯಿಲ್‌ನೊಳಗೆ ಗ್ಯಾಸ್ ಕುದಿಯುತ್ತಿರುವುದು ಸೊನ್ನೆ ಡಿಗ್ರಿಯಲ್ಲಿ. 30ರಿಂದ 40ರ ನಡುವೆ ಇದ್ದರೆ ಸಾಮಾನ್ಯವಾಗಿ ಚೆನ್ನ. ಹೈ ಸೈಡ್ ಮಾತ್ರ ಹವೆಯನ್ನು ಅವಲಂಬಿಸಿದೆ. ಬೆಂಗಳೂರಿನ ಜನವರಿಯಲ್ಲಿ 150-180 ತೋರುವ ಅದೇ ಗಾಡಿ ಕಲಬುರಗಿಯ ಮೇ ತಿಂಗಳಲ್ಲಿ 280 ತೋರಿದರೆ ಗಾಬರಿ ಬೇಡ. ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಡಿಮೆ. ಎರಡೂ ಹೆಚ್ಚಿದ್ದರೆ ಕಂಡೆನ್ಸರ್‌ಗೆ ಗಾಳಿ ಸಾಲದು, ಇಲ್ಲವೇ ಗ್ಯಾಸ್ ಹೆಚ್ಚಾಗಿದೆ. ಲೋ ಮೇಲೇರಿ ಹೈ ಕೆಳಗಿಳಿದು ಎರಡೂ ಹತ್ತಿರ ಹತ್ತಿರ ಬಂದರೆ ಕಂಪ್ರೆಸರ್‌ಗೆ ಒತ್ತುವ ಶಕ್ತಿ ಉಳಿದಿಲ್ಲ. ಲೋ ಸೈಡ್ ಸೊನ್ನೆಯತ್ತ ಅಥವಾ ಅದಕ್ಕೂ ಕೆಳಗೆ ಜಾರಿದರೆ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ, ಬಹುತೇಕ ಎಕ್ಸ್‌ಪಾನ್ಶನ್ ವಾಲ್ವ್‌ನಲ್ಲಿ.

ಆ ಕಟ್ಟುವಿಕೆಯಲ್ಲೂ ಎರಡು ಬಗೆಯನ್ನು ಗುರುತಿಸಬೇಕು, ಏಕೆಂದರೆ ಮಾಲೀಕರು ಹೇಳುವ ದೂರು ಒಂದೇ: ‘ಇಪ್ಪತ್ತು ನಿಮಿಷ ಚೆನ್ನಾಗಿರ್ತದೆ, ಆಮೇಲೆ ನಿಂತು ಹೋಗ್ತದೆ, ಸ್ವಲ್ಪ ಹೊತ್ತು ಆಫ್ ಮಾಡಿದ್ರೆ ಮತ್ತೆ ಬರ್ತದೆ.’ ಆಗ ಕೇಳಬೇಕಾದದ್ದು, ತಂಪು ನಿಂತಾಗ ಗಾಳಿ ಬರುತ್ತಿತ್ತೇ? ಗಾಳಿಯ ರಭಸ ಹಾಗೇ ಇದ್ದು ಬಿಸಿಯಾಗಿದ್ದರೆ ಗ್ಯಾಸಿನೊಳಗೆ ನೀರಿನಂಶ ಸೇರಿದೆ. ಅದು ವಾಲ್ವ್‌ನ ಕಂಡಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಆಫ್ ಮಾಡಿದಾಗ ಕರಗುತ್ತದೆ. ಗಾಳಿಯೇ ಸಣ್ಣಗಾಗಿದ್ದರೆ ಕೂಲಿಂಗ್ ಕಾಯಿಲ್‌ನ ಹೊರಮೈ ಮೇಲೆ ಮಂಜುಗಡ್ಡೆ ಕಟ್ಟಿದೆ. ಅದು ಸಕಾಲಕ್ಕೆ ಕಂಪ್ರೆಸರ್ ನಿಲ್ಲಿಸದ ಥರ್ಮೋಸ್ಟಾಟ್‌ನ ತಪ್ಪು, ಇಲ್ಲವೇ ದೂಳು ತುಂಬಿದ ಕಾಯಿಲ್‌ನದು. ಮೊದಲನೆಯದಕ್ಕೆ ಗ್ಯಾಸ್ ತೆಗೆದು ಡ್ರೈಯರ್ ಬದಲಿಸಿ ವ್ಯಾಕ್ಯೂಮ್ ಮಾಡಬೇಕು. ಎರಡನೆಯದಕ್ಕೆ ಗ್ಯಾಸ್ ಮುಟ್ಟುವ ಅಗತ್ಯವೇ ಇಲ್ಲ.

ವ್ಯಾಕ್ಯೂಮ್ ವಿಷಯ ಬಂದಾಗ ಭೂಗೋಳವೂ ಬರುತ್ತದೆ. ಪೈಪು ಬಿಚ್ಚಿದ ಮೇಲೆ ಒಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಎಳೆದು ತೆಗೆಯಬೇಕು. ಒತ್ತಡ ಸಾಕಷ್ಟು ಇಳಿದರೆ ಒಳಗಿನ ನೀರು ಕೋಣೆಯ ಉಷ್ಣಾಂಶದಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಪುಸ್ತಕಗಳಲ್ಲಿ, ತರಬೇತಿ ಚಾರ್ಟ್‌ಗಳಲ್ಲಿ ‘29 ಇಂಚು ವ್ಯಾಕ್ಯೂಮ್ ಬರಬೇಕು’ ಎಂದಿರುತ್ತದೆ. ಅದು ಮಂಗಳೂರಿಗೆ ಸರಿ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ 27 ಇಂಚಿನ ಆಸುಪಾಸು. ಅಲ್ಲಿ ಎಂಥ ಒಳ್ಳೆಯ ಪಂಪ್ ತಂದರೂ ಗೇಜ್ 29 ತೋರಿಸಲಾರದು. ಮಡಿಕೇರಿಯಲ್ಲಿ 26 ಬಂದರೆ ಅದೇ ಪೂರ್ತಿ. ಇದು ಗೊತ್ತಿಲ್ಲದೆ ಪಂಪನ್ನು ಬೈಯುವವರಿದ್ದಾರೆ, ಇಲ್ಲದ ಲೀಕ್ ಹುಡುಕುವವರಿದ್ದಾರೆ. ಮುಳ್ಳು ಎಷ್ಟಕ್ಕೆ ಬಂತು ಎನ್ನುವುದಕ್ಕಿಂತ ಪಂಪ್ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ನಿಂತಿತೇ ಎನ್ನುವುದು ಮುಖ್ಯ. ಹತ್ತು ನಿಮಿಷಕ್ಕೆ ವ್ಯಾಕ್ಯೂಮ್ ಮುಗಿಸಿ ಗ್ಯಾಸ್ ಬಿಡುವ ಅಂಗಡಿಗೆ ಎಷ್ಟು ಅಗ್ಗವಾದರೂ ಕೆಲಸ ಕೊಡಬಾರದು.

ಕರಾವಳಿಯ ಗಾಡಿಗೆ ಇನ್ನೊಂದು ನ್ಯಾಯವೂ ಸಲ್ಲಬೇಕು. ಉಡುಪಿ, ಮಂಗಳೂರಿನ ಗಾಳಿಯಲ್ಲಿ ತೇವ ಹೆಚ್ಚು. ಎಸಿ ಅದನ್ನೂ ಹಿಂಡಿ ನೀರಾಗಿಸಿ ಗಾಡಿಯ ಕೆಳಗೆ ತೊಟ್ಟಿಕ್ಕಿಸಬೇಕು. ಗಂಟೆಗೆ ಒಂದು ಲೀಟರ್ ನೀರು ಹೀಗೆ ಇಳಿಯಿತೆಂದರೆ, ಗಾಳಿಯ ಉಷ್ಣಾಂಶ ಒಂದಿಷ್ಟೂ ಇಳಿಯದೆ ಸುಮಾರು 680 ವ್ಯಾಟ್‌ನಷ್ಟು ತಂಪು ಅದಕ್ಕೇ ಖರ್ಚಾಗಿರುತ್ತದೆ. ಹಾಗಾಗಿ ಒಂದೇ ಪಿಕಪ್, ಒಂದೇ ಎಸಿ, 33 ಡಿಗ್ರಿಯ ಮಂಗಳೂರಿನಲ್ಲಿ ಬೆವರುವುದೂ 38 ಡಿಗ್ರಿಯ ಒಣಹವೆಯ ಬಳ್ಳಾರಿಯಲ್ಲಿ ಚೆನ್ನಾಗಿರುವುದೂ ಸಾಧ್ಯ. ಗಾಜು ಏರಿಸಿ, ಒಳಗಿನ ಗಾಳಿಯನ್ನೇ ಮರುಬಳಸುವ ಗುಂಡಿ ಒತ್ತಿ, ಹತ್ತು ನಿಮಿಷದ ನಂತರ ಮಧ್ಯದ ಕಿಂಡಿಯಲ್ಲಿ ಥರ್ಮಾಮೀಟರ್ ಇಡಿ. ಹೊರಗೆ 35 ಇದ್ದಾಗ ಅಲ್ಲಿ 8ರಿಂದ 12 ಬಂದರೆ ಹಳೆಯ ಪಿಕಪ್‌ಗೆ ಅದು ಒಳ್ಳೆಯ ಅಂಕ. ಕೈ ಒಡ್ಡಿ ‘ಕೂಲಿಂಗ್ ಕಮ್ಮಿ’ ಎನ್ನುವುದಕ್ಕೆ ಅರ್ಥವಿಲ್ಲ. ನೀರು ಕೆಳಗೆ ತೊಟ್ಟಿಕ್ಕದೆ ಕ್ಲೀನರ್ ಕಾಲ ಬಳಿ ಮ್ಯಾಟ್ ನೆನೆಸುತ್ತಿದ್ದರೆ ಡ್ರೈನ್ ಪೈಪು ಮಣ್ಣಿನಿಂದ ಕಟ್ಟಿದೆ, ಅಷ್ಟೇ.

ಲೀಕ್ ಹುಡುಕುವುದು ತಾಳ್ಮೆಯ ಕೆಲಸ. ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಜಿನುಗುತ್ತದೆ, ಎಣ್ಣೆಗೆ ದೂಳು ಅಂಟುತ್ತದೆ. ಪೈಪಿನ ಜೋಡಣೆ, ಕಂಡೆನ್ಸರ್‌ನ ಕೆಳಮೂಲೆ, ಕಂಪ್ರೆಸರ್‌ನ ಪುಲ್ಲಿ ಹಿಂಬದಿ, ಗ್ಯಾಸ್ ತುಂಬುವ ವಾಲ್ವ್ ಇವುಗಳಲ್ಲಿ ಕಪ್ಪು ಜಿಡ್ಡಿನ ಕಲೆಯಿದ್ದರೆ ಅಲ್ಲಿಂದಲೇ ಸೋಪಿನ ನೀರು ಹಾಕಲು ಶುರು ಮಾಡಬಹುದು. ಒತ್ತಡ ಹಾಕಿ ಪರೀಕ್ಷಿಸಲು ನೈಟ್ರೋಜನ್ ಬಳಸಬೇಕು. ಪಂಕ್ಚರ್ ಅಂಗಡಿಯ ಗಾಳಿ ಹಾಕಿದರೆ ತೇವ ಒಳಸೇರುತ್ತದೆ, ವೆಲ್ಡಿಂಗ್ ಆಕ್ಸಿಜನ್ ಹಾಕಿದರೆ ಒಳಗಿನ ಎಣ್ಣೆಯೊಡನೆ ಸೇರಿ ಸ್ಫೋಟಿಸಬಹುದು. ತೂತನ್ನು ಒಳಗಿನಿಂದಲೇ ಮುಚ್ಚುತ್ತದೆ ಎಂದು ಮಾರುವ ಡಬ್ಬಿಯ ಅಂಟುಗಳನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಅದು ತೂತಿನ ಜೊತೆಗೆ ಎಕ್ಸ್‌ಪಾನ್ಶನ್ ವಾಲ್ವನ್ನೂ ಮುಚ್ಚಬಹುದು.

ಅಗ್ಗದ ಗ್ಯಾಸಿನ ಬಗ್ಗೆಯೂ ಎಚ್ಚರ ಬೇಕು. ಆರ್-134ಎ ಹೆಸರಿನಲ್ಲಿ ಮಾರಿದ ನಕಲಿ ಗ್ಯಾಸಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿದ್ದರಿಂದ 2011ರಲ್ಲಿ ಹಡಗು ಸಾಗಣೆಯ ಶೀತಲ ಕಂಟೈನರ್‌ಗಳು ಸ್ಫೋಟಿಸಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆ ರಾಸಾಯನಿಕ ಅಲ್ಯೂಮಿನಿಯಂ ಜೊತೆ ವರ್ತಿಸಿ, ಗಾಳಿ ತಾಕಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. ಗಾಡಿಯ ಎಸಿಯಲ್ಲಿರುವುದೂ ಬಹುತೇಕ ಅಲ್ಯೂಮಿನಿಯಮ್ಮೇ. ಅಡುಗೆ ಅನಿಲ ತುಂಬಿಸಿ ತಂಪು ಬರಿಸುವ ಜಾಣರೂ ಇದ್ದಾರೆ. ತಂಪು ಬರುತ್ತದೆ, ನಿಜ. ಕೂಲಿಂಗ್ ಕಾಯಿಲ್ ಸೋರಿದ ದಿನ ಅದು ತುಂಬಿಕೊಳ್ಳುವುದು ನೀವು ಕೂತಿರುವ ಕ್ಯಾಬಿನ್ನಿನಲ್ಲಿ.

ಹಳೆಯ ಗ್ಯಾಸನ್ನು ವಾಲ್ವ್ ಒತ್ತಿ ‘ಸುಸ್’ ಎಂದು ಗಾಳಿಗೆ ಬಿಡುವುದು ನಮ್ಮಲ್ಲಿ ದಿನನಿತ್ಯದ ದೃಶ್ಯ. ಆರ್-134ಎಗೆ ಮೊದಲು ಬಳಸುತ್ತಿದ್ದ ಆರ್-12 ಗ್ಯಾಸ್ ಓಝೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದರ ಜಾಗಕ್ಕೆ ಬಂದ ಆರ್-134ಎ ಓಝೋನ್‌ಗೆ ತೊಂದರೆ ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು ಜೋರು. ಒಂದು ಪಿಕಪ್‌ನ 600 ಗ್ರಾಂ ಗ್ಯಾಸ್ ಗಾಳಿಗೆ ಬಿಟ್ಟರೆ ಸುಮಾರು 320 ಲೀಟರ್ ಡೀಸೆಲ್ ಸುಟ್ಟ ಲೆಕ್ಕ. ಇಂಥ ಗ್ಯಾಸುಗಳನ್ನು ಹಂತಹಂತವಾಗಿ ಇಳಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿದೆ. ಗ್ಯಾಸನ್ನು ಹೀರಿ, ಶುದ್ಧಗೊಳಿಸಿ, ತೂಗಿ, ಮರಳಿ ತುಂಬುವ ಯಂತ್ರ ಈಗ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತದೆ. ಅಂಥ ಯಂತ್ರವಿರುವ ಅಂಗಡಿಗೆ ಹೋಗುವುದು ಪರಿಸರದ ದೃಷ್ಟಿಯಿಂದ ಮಾತ್ರವಲ್ಲ, ನಿಮ್ಮ ಜೇಬಿನ ದೃಷ್ಟಿಯಿಂದಲೂ ಒಳ್ಳೆಯದು. ಹೇಗೆಂದು ಕೊನೆಯಲ್ಲಿ ಹೇಳುತ್ತೇನೆ.

ಕಂಪ್ರೆಸರ್ ನಿಜವಾಗಿಯೂ ಹೋಗಿದ್ದರೆ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುತ್ತದೆ, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ಗುಜರಿಯ ಕಂಪ್ರೆಸರ್ ಹಾಕಿಸಬಾರದೆಂದಲ್ಲ. ಬಾಯಿಗೆ ಬಿರಡೆ ಹಾಕಿಟ್ಟಿದ್ದರೆ, ಕೈಯಲ್ಲಿ ಶಾಫ್ಟ್ ತಿರುಗಿಸಿದಾಗ ಒಂದೇ ಸಮನೆ ಬಿಗುವಿದ್ದರೆ, ಒಳಗಿನ ಎಣ್ಣೆ ಕಪ್ಪಾಗಿಲ್ಲದಿದ್ದರೆ ಪರವಾಗಿಲ್ಲ. ಮುರಿದ ಕಂಪ್ರೆಸರ್‌ನ ಲೋಹದ ಪುಡಿ ಪೈಪು, ಕಂಡೆನ್ಸರ್, ವಾಲ್ವ್‌ಗಳಲ್ಲಿ ಸೇರಿಕೊಂಡಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಅದನ್ನು ತೊಳೆಯದೆ ಬೇರೆ ಕಂಪ್ರೆಸರ್ ಕೂರಿಸಿದರೆ ಅದೂ ಬೇಗನೆ ಅದೇ ದಾರಿ ಹಿಡಿಯುತ್ತದೆ. ಸೂಜಿಯಷ್ಟು ಸಣ್ಣ ಕಾಲುವೆಗಳ ಈಚಿನ ಕಂಡೆನ್ಸರ್‌ಗಳನ್ನು ತೊಳೆದು ಶುಚಿ ಮಾಡುವುದು ಆಗದ ಮಾತು, ಬದಲಿಸಲೇಬೇಕು. ಡ್ರೈಯರ್ ಅಂತೂ ಪೈಪು ಬಿಚ್ಚಿದಾಗಲೆಲ್ಲ ಹೊಸದು.

ಎಲ್ಲಕ್ಕಿಂತ ದುಬಾರಿ ಕೆಲಸ ಕೂಲಿಂಗ್ ಕಾಯಿಲ್‌ನದು. ಭಾಗದ ಬೆಲೆಗಿಂತ ಡ್ಯಾಶ್‌ಬೋರ್ಡ್ ಇಳಿಸುವ ಕೂಲಿ ಕಾಡುತ್ತದೆ. ಹಳೆಯ ಪಿಕಪ್‌ಗಳಲ್ಲಿ ಬಹುಪಾಲಿಗೆ ಕ್ಯಾಬಿನ್ ಫಿಲ್ಟರ್ ಇಲ್ಲದ್ದರಿಂದ ದೂಳು, ಬೀಡಿ ಹೊಗೆ, ತೇವ ಎಲ್ಲವೂ ಕಾಯಿಲ್ ಮೇಲೆ ಕೂತು ಅಲ್ಯೂಮಿನಿಯಮ್ಮನ್ನು ತಿನ್ನುತ್ತವೆ. ಡ್ಯಾಶ್‌ಬೋರ್ಡ್ ಇಳಿಸಿದ ಮೇಲೆ ಕಾಯಿಲ್ ಒಂದನ್ನೇ ಬದಲಿಸಿ ಮುಚ್ಚುವುದು ಬುದ್ಧಿವಂತಿಕೆಯಲ್ಲ. ಎಕ್ಸ್‌ಪಾನ್ಶನ್ ವಾಲ್ವ್, ಥರ್ಮೋಸ್ಟಾಟ್, ಮುಚ್ಚಳಗಳ ಸ್ಪಂಜು, ಹೀಟರ್ ಕೇಬಲ್, ಸದ್ದು ಮಾಡುವ ಬ್ಲೋವರ್ ಇದ್ದರೆ ಅದನ್ನೂ ಅದೇ ಕೂಲಿಯಲ್ಲಿ ಮುಗಿಸಿಕೊಳ್ಳಬೇಕು. ತೆಗೆದ ಹಳೆಯ ಕಾಯಿಲ್ ನಿಮಗೆ ತೋರಿಸಲಿ.

ಬಿಲ್ಲಿನಲ್ಲಿ ‘ಗ್ಯಾಸ್ ಚಾರ್ಜ್’ ಎಂದಷ್ಟೇ ಬರೆಯಲು ಬಿಡಬೇಡಿ. ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಎಷ್ಟು ಗ್ರಾಂ ಎಂದಿದೆಯೋ ನೋಡಿ, ತೂಗಿ ಎಷ್ಟು ತುಂಬಿದರು ಎಂಬುದನ್ನು ತಾರೀಖಿನೊಂದಿಗೆ ಬರೆಸಿಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ತಂಪು ಕಡಿಮೆಯಾದರೆ ಯಂತ್ರವಿರುವ ಅಂಗಡಿಯಲ್ಲಿ ಗ್ಯಾಸ್ ಹೊರತೆಗೆಸಿ ತೂಗಿಸಿ. 600 ಗ್ರಾಂ ತುಂಬಿಸಿದ್ದು 570 ಸಿಕ್ಕಿದರೆ ದೋಷ ಗ್ಯಾಸಿನದಲ್ಲ, ಕಂಡೆನ್ಸರ್ ತೊಳೆಸಿ, ಫ್ಯಾನ್ ನೋಡಿಸಿ, ಹೀಟರ್ ಕೇಬಲ್ ಎಳೆದು ನೋಡಿ. 350 ಸಿಕ್ಕಿದರೆ ತೂತು ಸಿಗುವವರೆಗೆ ಒಂದು ಗ್ರಾಂ ಕೂಡ ತುಂಬಿಸಬೇಡಿ.